ನೀಲಿ ಡಬ್ಬದ ಬಾಕಿ

ನಮ್ಮ ಕೂಟದ ಸಂಚಿಕೆಯ ಸಂಪಾದಕರು ಪ್ರತಿ ವರ್ಷ ಗಣೇಶನ ಹಬ್ಬ ಮುಗಿದ ಮಾರನೇ ವಾರ ಫೋನ್ ಮಾಡುತ್ತಾರೆ. "ಡಾಕ್ಟ್ರೇ, ದೀಪಾವಳಿ ಸಂಚಿಕೆಗೆ ಸಕ್ಕರೆ ಕಾಯಿಲೆ ಬಗ್ಗೆ ಎರಡು ಪುಟ ಬರೆದುಕೊಡಿ." ನಾನು ಪೆಥಾಲಜಿಸ್ಟ್. ರೋಗಿಯ ಮುಖ ನೋಡದೆ ಅವರ ದೇಹದ ಒಂದು ಚೂರನ್ನು ಗಾಜಿನ ಮೇಲಿಟ್ಟು ನೋಡುವ ಪೈಕಿ. ಸಕ್ಕರೆ ಕಾಯಿಲೆಯ ಬಗ್ಗೆ ನನಗಿಂತ ನಮ್ಮ ಕೂಟದ ಅಡಿಗೆ ಕಮಿಟಿಯವರಿಗೇ ಹೆಚ್ಚು ಗೊತ್ತಿರಬೇಕು. ಆದ್ದರಿಂದ ಈ ಸಲ ಅವರ ಕ್ಷಮೆ ಕೋರಿ, ಮೂರು ವರ್ಷದಿಂದ ನನ್ನ ರಾತ್ರಿಗಳನ್ನು ತಿಂದುಹಾಕಿರುವ ಬೇರೊಂದು ಕಾಯಿಲೆಯ ಬಗ್ಗೆ ಬರೆಯುತ್ತಿದ್ದೇನೆ. ಅದರ ಹೆಸರು ಬೇಸ್‌ಬಾಲ್ ಕಾರ್ಡು.

ಮಕ್ಕಳನ್ನು ಇಲ್ಲಿ ಬೆಳೆಸಿದವರಿಗೆಲ್ಲ ಇದು ಗೊತ್ತೇ ಇರುತ್ತದೆ. ಇಸ್ಪೀಟು ಎಲೆಯ ಗಾತ್ರದ ದಪ್ಪ ಕಾಗದ. ಮುಂದೆ ಆಟಗಾರನ ಚಿತ್ರ, ಹಿಂದೆ ಅವನ ಅಂಕಿ-ಅಂಶ. ಪೊಟ್ಟಣ ಒಡೆಯುವ ತನಕ ಒಳಗೆ ಯಾರಿದ್ದಾರೆ ಗೊತ್ತಾಗುವುದಿಲ್ಲ. ಅಲ್ಲೇ ಇರುವುದು ಮಜಾ, ಅಪ್ಪಂದಿರ ಜೇಬಿಗೆ ಕತ್ತರಿ ಬೀಳುವುದೂ ಅಲ್ಲೇ.

2022ರ ಆಗಸ್ಟ್‌ನಲ್ಲಿ ಲ್ಯಾಬಿನ ಊಟದ ಕೋಣೆಯಲ್ಲಿ ಸಹೋದ್ಯೋಗಿಯೊಬ್ಬರು ಫೋನ್ ಹಿಡಿದುಕೊಂಡು ಕೂಗಿದರು. ಹೆರಿಟೇಜ್ ಹರಾಜಿನಲ್ಲಿ 1952ರ ಟಾಪ್ಸ್ ಕಂಪನಿಯ ಮಿಕ್ಕಿ ಮ್ಯಾಂಟಲ್ ಕಾರ್ಡು 1 ಕೋಟಿ 26 ಲಕ್ಷ ಡಾಲರಿಗೆ ಹೋಗಿತ್ತು. ಮಾರಿದವರು ಅದನ್ನು 1991ರಲ್ಲಿ 50,000 ಡಾಲರಿಗೆ ಕೊಂಡಿದ್ದರಂತೆ. ಎಲ್ಲರೂ "ನನ್ನ ಹತ್ತಿರವೂ ಒಂದು ರಾಶಿ ಇತ್ತು, ಅಮ್ಮ ಎಸೆದುಬಿಟ್ಟಳು" ಎಂದು ಶುರುಮಾಡಿದರು. ಅಮೆರಿಕದ ಗಂಡಸರಿಗೆ ಐವತ್ತು ದಾಟಿದ ಮೇಲೆ ಹೇಳಿಕೊಳ್ಳಲು ಇದೊಂದು ಕಥೆ ಇದ್ದೇ ಇರುತ್ತದೆ. ಆ ಬೆಲೆಗೆ ಕಾರಣವೂ ಆ ಅಮ್ಮಂದಿರೇ ಅನ್ನಿ. ಎಲ್ಲರೂ ಎತ್ತಿಟ್ಟಿದ್ದರೆ ಯಾರು ಕೊಳ್ಳುತ್ತಿದ್ದರು? ಅಮ್ಮಂದಿರಷ್ಟೇ ಅಲ್ಲ, ಕಂಪನಿಯೇ ಎಸೆದಿತ್ತು. 1952ರ ಕೊನೆಯ ಕಂತಿನ ಕಾರ್ಡುಗಳು ಮಾರಾಟವಾಗದೆ ಗೋದಾಮಿನಲ್ಲಿ ಕೊಳೆಯುತ್ತಿದ್ದವು. 1960ರ ಸುಮಾರಿಗೆ ಅವನ್ನು ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದೆ ಎಂದು ಆ ಕಾರ್ಡುಗಳನ್ನು ರೂಪಿಸಿದ ಸೈ ಬರ್ಗರ್ ಅವರೇ ಹೇಳಿಕೊಂಡಿದ್ದರು. ಮ್ಯಾಂಟಲ್ ಅವರ ಆ ಕಾರ್ಡು ಇದ್ದದ್ದು ಇದೇ ಕಂತಿನಲ್ಲಿ.

ಎಲ್ಲರೂ ನಗುತ್ತಿದ್ದರು. ನನಗೆ ಮಾತ್ರ ಗಂಟಲಲ್ಲಿ ಸ್ಯಾಂಡ್‌ವಿಚ್ ಸಿಕ್ಕಿಕೊಂಡ ಹಾಗಾಯಿತು. ನಮ್ಮ ಮನೆಯಲ್ಲಿ ಎಸೆದದ್ದು ಅಮ್ಮ ಅಲ್ಲ, ಅಪ್ಪ. ಅಂದರೆ ನಾನು.

2012ರಲ್ಲಿ ನಾವು ಟ್ರಾಯ್‌ನ ಬಾಡಿಗೆ ಮನೆಯಿಂದ ನೋವೈನ ಸ್ವಂತ ಮನೆಗೆ ಬಂದೆವು. ಮಗನಿಗೆ ಆಗ ಹದಿನಾಲ್ಕು. ಬೇಸಿಗೆ ಕ್ಯಾಂಪಿಗೆ ಹೋಗಿದ್ದ. ಬೇಸ್‌ಮೆಂಟು ಖಾಲಿಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅಲ್ಲಿ ಬಟರ್ ಕುಕ್ಕೀಸ್‌ನ ಒಂದು ನೀಲಿ ಡಬ್ಬ ಇತ್ತು. ನಮ್ಮವರ ಮನೆಗಳಲ್ಲಿ ಆ ಡಬ್ಬದಲ್ಲಿ ಬಿಸ್ಕತ್ತು ಒಂದೇ ವಾರ ಇರುತ್ತದೆ, ಆಮೇಲೆ ಇಪ್ಪತ್ತು ವರ್ಷ ಸೂಜಿ-ದಾರ. ಮುಚ್ಚಳಕ್ಕೆ ಟೇಪು ಸುತ್ತಿತ್ತು. ಸೂಜಿ-ದಾರದ ಹಳೇ ಡಬ್ಬ ಅಂತ ತಿಳಿದು ಡಂಪ್‌ಸ್ಟರಿಗೆ ಹಾಕಿದೆ ಎಂದು ಮಗನಿಗೂ ಹೆಂಡತಿಗೂ ಹೇಳಿದೆ. ಹತ್ತು ವರ್ಷ ಹಾಗೇ ಹೇಳಿಕೊಂಡು ಬಂದೆ.

ಅದು ಸುಳ್ಳು. ನಾನು ಟೇಪು ಕಿತ್ತು ಮುಚ್ಚಳ ತೆಗೆದು ನೋಡಿದ್ದೆ. ಎರಡು ಸಾಲು ಕಾರ್ಡು, ಕಪ್ಪು ಅಂಚಿನವು, ಅಚ್ಚುಕಟ್ಟಾಗಿ ಜೋಡಿಸಿದ್ದವು. 'ಹೈಸ್ಕೂಲಿಗೆ ಹೋಗುವ ಹುಡುಗ, ಇನ್ನೂ ಇದೆಲ್ಲ ಯಾಕೆ' ಅಂದುಕೊಂಡು ಮುಚ್ಚಿ ಎಸೆದೆ. ಅವನು ಕ್ಯಾಂಪಿನಿಂದ ಬಂದು ಒಂದೇ ಸಲ ಕೇಳಿದ, "ಅಪ್ಪ, ಆ ಬ್ಲೂ ಟಿನ್ ಎಲ್ಲಿ?" ನಾನು ಸೂಜಿ-ದಾರದ ಕಥೆ ಹೇಳಿದೆ. "ಓಕೆ" ಅಂದ. ಕೂಗಾಡಿದ್ದರೆ ವಾಸಿಯಾಗಿತ್ತು.

ಮಾಡಿದ್ದು ಗೊತ್ತಿಲ್ಲದವನೇನೂ ನಾನಲ್ಲ. ಅರಸೀಕೆರೆಯಲ್ಲಿ ನಾನು ಎಸ್ಸೆಸ್ಸೆಲ್ಸಿ ಓದುತ್ತಿದ್ದ ವರ್ಷವೇ ರಿಲಯನ್ಸ್ ಕಪ್ ನಡೆದದ್ದು, 1987. ಬಿಗ್ ಫನ್ ಬಬಲ್ ಗಮ್ ಜೊತೆ ಕ್ರಿಕೆಟಿಗರ ಚಿತ್ರ ಬರುತ್ತಿದ್ದವು. ನಾನೂ ತಮ್ಮನೂ ದವಡೆ ನೋಯುವ ತನಕ ಗಮ್ ಅಗಿದು ಅವನ್ನು ಒಂದು ಚಪ್ಪಲಿ ಡಬ್ಬದಲ್ಲಿ ಕೂಡಿಟ್ಟಿದ್ದೆವು. ಪರೀಕ್ಷೆಗೆ ತಿಂಗಳಿದೆ ಎನ್ನುವಾಗ ಅಜ್ಜಿ ಒಂದು ಬೆಳಿಗ್ಗೆ ಬಚ್ಚಲುಮನೆ ಹಂಡೆ ಒಲೆಗೆ ಡಬ್ಬದ ಸಮೇತ ಹಾಕಿದಳು. ಆ ದಿನ ನಾನು ಅದೇ ನೀರಿನಲ್ಲಿ ಸ್ನಾನ ಮಾಡಿ ಸ್ಕೂಲಿಗೆ ಹೋದೆ. ಇಷ್ಟೆಲ್ಲ ನೆನಪಿದ್ದೂ ಟ್ರಾಯ್‌ನಲ್ಲಿ ನನ್ನ ಕೈ ತಡೆಯಲಿಲ್ಲ.

ಸರಿ, ಲ್ಯಾಬಿನಿಂದ ಬಂದ ರಾತ್ರಿಯೇ ಈಬೇ ತೆರೆದೆ. ಮಗನ ಕಾರ್ಡುಗಳು 2007ರ ಟಾಪ್ಸ್ ಸೆಟ್ಟಿನವು ಎಂದು ಕಪ್ಪು ಅಂಚಿನಿಂದ ಗೊತ್ತಾಯಿತು. ಒಟ್ಟು 661 ಕಾರ್ಡು. ಕಾರ್ಖಾನೆಯಿಂದಲೇ ಸೀಲ್ ಆಗಿ ಬಂದ ಪೂರ್ತಿ ಸೆಟ್ಟು ಸಿಕ್ಕಿತು. ಗಾಬರಿಯಾಗಬೇಡಿ, ಕೋಟಿ ಏನಲ್ಲ; ನಮ್ಮಿಬ್ಬರ ಒಂದು ರಾತ್ರಿಯ ಹೋಟೆಲ್ ಊಟದ ಖರ್ಚಿನಷ್ಟೂ ಆಗಲಿಲ್ಲ. ಮ್ಯಾಂಟಲ್ ಕಥೆ ಕೇಳಿ ಎಲ್ಲರೂ ಕಾರ್ಡು ಜೋಪಾನ ಮಾಡಲು ಶುರುಮಾಡಿದ ಮೇಲೆ ಬಂದ ಕಾರ್ಡುಗಳಿಗೆ ಬೆಲೆಯೇ ಬರಲಿಲ್ಲ ಎನ್ನುವುದು ಈ ವ್ಯಾಪಾರದ ತಮಾಷೆ. ಥ್ಯಾಂಕ್ಸ್‌ಗಿವಿಂಗ್‌ಗೆ ಮಗ ಸಿಯಾಟಲ್‌ನಿಂದ ಬಂದಾಗ ಬಣ್ಣದ ಕಾಗದ ಸುತ್ತಿ ಕೊಟ್ಟೆ. ಬಿಚ್ಚಿ ನೋಡಿದ. "ಥ್ಯಾಂಕ್ಸ್ ಅಪ್ಪ, ಹೌ ನೈಸ್" ಅಂದ. ಒಳಗಿನ ಪೆಟ್ಟಿಗೆಯ ಸೀಲು ಒಡೆಯಲಿಲ್ಲ. ಅದು ಇವತ್ತಿಗೂ ಹಾಗೇ ನಮ್ಮ ಮನೆಯ ಕಪಾಟಿನಲ್ಲಿದೆ.

ನನಗೆ ಬುದ್ಧಿ ಬಂದದ್ದು ಮಾರನೇ ಜನವರಿಯಲ್ಲಿ. ಹೆಂಡತಿ ಕನ್ನಡ ಕಲಿ ತರಗತಿಗೆಂದು ಹಳೇ ಪುಸ್ತಕ ಹುಡುಕುವಾಗ ಮಗನ ನೋಟ್‌ಬುಕ್ಕು ಸಿಕ್ಕಿತು. ಮುಂದಿನಿಂದ ನಾಲ್ಕು ಹಾಳೆ ಕ ಕಾ ಕಿ ಕೀ. ಬಳ್ಳಿ ಮುಗಿಯುವ ಮೊದಲೇ ಉತ್ಸಾಹ ಮುಗಿದಿತ್ತು. ತಿರುಗಿಸಿ ಹಿಂದಿನಿಂದ ನೋಡಿದರೆ ಹದಿನೆಂಟು ಪುಟ ಕಾರ್ಡುಗಳ ಪಟ್ಟಿ! ಕಾರ್ಡಿನ ನಂಬರು, ಆಟಗಾರನ ಹೆಸರು, ಎಲ್ಲಿಂದ ಬಂತು, ಹೇಗಿದೆ. ಎಣಿಸಿದೆ, 412. ನಾವು ಲ್ಯಾಬಿನಲ್ಲಿ ಸ್ಪೆಸಿಮೆನ್ ನಮೂದು ಮಾಡುವ ಹಾಗೆಯೇ ಬರೆದಿದ್ದ. ಕರ್ಟಿಸ್ ಗ್ರ್ಯಾಂಡರ್‌ಸನ್: 'ಮೂಲೆ ಮಡಚಿದೆ, ಆದರೂ ಬೆಸ್ಟ್.' ಡೆರೆಕ್ ಜೀಟರ್, ನಂಬರ್ 40: 'ಕೊಟ್ಟೆ, ಗ್ರ್ಯಾಂಡರ್‌ಸನ್ ತಗೊಂಡೆ.' ಕೆಲವುಗಳ ಮುಂದೆ 'ಗ್ಯಾಸ್ ಸ್ಟೇಷನ್, ಅಪ್ಪ' ಎಂದಿತ್ತು. ರಾತ್ರಿ ತಡವಾಗಿ ಬರುವಾಗ ದಾರಿಯಲ್ಲಿ ತಂದು ಅವನ ದಿಂಬಿನ ಕೆಳಗೆ ಇಡುತ್ತಿದ್ದ ಪೊಟ್ಟಣಗಳು. ನಾನು ಮರೆತೇಬಿಟ್ಟಿದ್ದೆ. ಜಸ್ಟಿನ್ ವರ್ಲ್ಯಾಂಡರ್ ಹೆಸರಿನ ಮುಂದೆ: 'ಜೂನ್ 12, ನಾನು ನೋಡಿದೆ!! ಅಪ್ಪ ಆನ್ ಕಾಲ್.'

2007ರ ಜೂನ್ 12ರಂದು ಡೆಟ್ರಾಯಿಟ್‌ನ ಕೊಮೆರಿಕಾ ಪಾರ್ಕ್‌ನಲ್ಲಿ ವರ್ಲ್ಯಾಂಡರ್ ಮಿಲ್ವಾಕಿ ತಂಡಕ್ಕೆ ಒಂದೂ ಹಿಟ್ ಕೊಡದೆ ಆಟ ಮುಗಿಸಿದ. ನೋ-ಹಿಟ್ಟರ್ ಅನ್ನುವುದು ಒಬ್ಬ ಅಭಿಮಾನಿಗೆ ಜೀವಮಾನದಲ್ಲಿ ಒಂದು ಕಣ್ಣಾರೆ ಸಿಕ್ಕರೆ ಪುಣ್ಯ. ಅದು ನನ್ನ ರೆಸಿಡೆನ್ಸಿಯ ಕೊನೆಯ ತಿಂಗಳು. ನನ್ನ ಟಿಕೆಟ್ಟಿನಲ್ಲಿ ಅವನ ಗೆಳೆಯನ ತಂದೆ ಹೋಗಿದ್ದರು.

ಪೂರ್ತಿ ಸೆಟ್ಟು ಯಾಕೆ ಮೇಜಿನ ಮೇಲೇ ಉಳಿಯಿತು ಎಂದು ಆಗ ಅರ್ಥವಾಯಿತು. ಅದು ಯಾರದೋ 661 ಕಾರ್ಡು. ಅವನದು ಈ 412. ಅವನ್ನೇ ಕೂಡಿಸೋಣ ಎಂದು ಹೊರಟೆ, ಒಂದೊಂದಾಗಿ, ಪಟ್ಟಿಯ ಪ್ರಕಾರ. ಇಲ್ಲಿಂದ ಮುಂದೆ ನೀವು ನಿಮ್ಮ ಮಗನಿಗೋ ಮೊಮ್ಮಗಳಿಗೋ ಇಂಥದ್ದೇ ಹುಡುಕಾಟಕ್ಕೆ ಇಳಿಯುವುದಾದರೆ ಉಪಯೋಗಕ್ಕೆ ಬಂದೀತು ಎಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಈಬೇಯಲ್ಲಿ ಸಿಗದ ಕಾರ್ಡಿಲ್ಲ. ತೊಂದರೆ ಏನೆಂದರೆ ಕಾರ್ಡಿನ ಬೆಲೆ ಕಾಲು ಡಾಲರು, ಅಂಚೆ ಒಂದು ಡಾಲರಿನ ಮೇಲೆ. ಮೊದಲ ವಾರ ಇಪ್ಪತ್ತು ಲಕೋಟೆ ಬಂದವು. ಹೆಂಡತಿ ಲೆಕ್ಕ ನೋಡಿ, "ರೀ, ನಾಲ್ಕಾಣೆ ಕೋಳಿಗೆ ಮುಕ್ಕಾಲು ರೂಪಾಯಿ ಮಸಾಲೆ ಅಂತಾರಲ್ಲ, ಅದು ಇದೇನೇ?" ಅಂದಳು. ನಾವು ಸಸ್ಯಾಹಾರಿಗಳು, ಆದರೂ ಗಾದೆ ಸರಿಯಾಗಿತ್ತು. ಈಬೇಯಲ್ಲಿ ಒಂದು ಅಮೂಲ್ಯ ಗುಂಡಿ ಇದೆ: ಮಾರಾಟವಾದವುಗಳನ್ನು ಮಾತ್ರ ತೋರಿಸು ಎನ್ನುವುದು. ಒಬ್ಬ ಕಾರ್ಡಿಗೆ ಐವತ್ತು ಡಾಲರ್ ಎಂದು ಬೋರ್ಡು ಹಾಕಿಕೊಂಡು ಐದು ವರ್ಷ ಕೂತಿರಬಹುದು. ನಿಜವಾಗಿ ಯಾರಾದರೂ ಎಷ್ಟು ಕೊಟ್ಟರು ಎನ್ನುವುದೇ ಬೆಲೆ. ಚೌಕಾಸಿ ಮಾಡಿ ಇಳಿಸಿದ ಬೆಲೆಯನ್ನು ಮಾತ್ರ ಅಲ್ಲಿ ಕಾಣಲಾಗದು, ಹಳೆಯದಕ್ಕೆ ಗೆರೆ ಹೊಡೆದಿರುತ್ತಾರೆ. ಹೀಗೆ ಕದ್ದು ನೋಡುವವರಿಗಾಗಿಯೇ 130ಪಾಯಿಂಟ್ ಎನ್ನುವ ಇನ್ನೊಂದು ತಾಣ ಇದೆ.

ಸ್ಪೋರ್ಟ್‌ಲಾಟ್ಸ್ ಎನ್ನುವ ತಾಣ ನೋಡಲು ಇಪ್ಪತ್ತೈದು ವರ್ಷದ ಹಿಂದಿನ ವೆಬ್ ಪುಟದ ಹಾಗಿದೆ. ಎಷ್ಟೋ ಕಾರ್ಡುಗಳಿಗೆ ಚಿತ್ರವೂ ಇಲ್ಲ. ಕಿರಾಣಿ ಅಂಗಡಿ ಚೀಟಿಯ ಹಾಗೆ ಸೆಟ್ಟು, ನಂಬರು, ಸ್ಥಿತಿ, ಬೆಲೆ, ಅಷ್ಟೇ. ಆದರೆ ಬೆಲೆ ಸೆಂಟುಗಳಲ್ಲಿ! ಗುಟ್ಟು ಏನೆಂದರೆ ಪಟ್ಟಿಯಲ್ಲಿ ಅಗ್ಗದ ಕಾರ್ಡು ಯಾರ ಹತ್ತಿರ ಇದೆ ಎಂದು ಹುಡುಕಬಾರದು. ನಿಮಗೆ ಬೇಕಾದವು ಅತಿ ಹೆಚ್ಚು ಯಾರ ಹತ್ತಿರ ಇವೆ ಎಂದು ಹುಡುಕಬೇಕು. ಮೊದಲ ಕಾರ್ಡಿನ ಅಂಚೆ ಕೊಟ್ಟ ಮೇಲೆ ಉಳಿದವು ಹೆಚ್ಚುಕಡಿಮೆ ಪುಕ್ಕಟೆ ಸವಾರಿ ಮಾಡುತ್ತವೆ. ಇಬ್ಬರೇ ಮಾರಾಟಗಾರರಿಂದ ನನಗೆ 140 ಕಾರ್ಡು ಬಂದವು. ಎಲ್ಲರಿಗೂ ಬೇಕಾದ ತಾರೆಗಳು ಅಲ್ಲಿ ಕಡಿಮೆ. ಯಾರಿಗೂ ಬೇಡದ ಮೂರನೇ ಬದಲಿ ಕ್ಯಾಚರ್ ಅಲ್ಲಿ ಸಿಗುತ್ತಾನೆ. ಒಂಬತ್ತು ವರ್ಷದ ಹುಡುಗನ ಡಬ್ಬದಲ್ಲಿ ಹೆಚ್ಚಾಗಿ ಇರುವುದು ಅಂಥವರೇ.

ಸಿಒಎಂಸಿ ಇರುವುದು ವಾಷಿಂಗ್‌ಟನ್ ರಾಜ್ಯದಲ್ಲಿ. ಮಾರುವವರೆಲ್ಲ ತಮ್ಮ ಕಾರ್ಡನ್ನು ಮೊದಲೇ ಅಲ್ಲಿಗೆ ಕಳುಹಿಸಿರುತ್ತಾರೆ. ಕಂಪನಿಯವರು ಮುಂದೆ ಹಿಂದೆ ಎರಡನ್ನೂ ಸ್ಕ್ಯಾನ್ ಮಾಡಿ ಗೋದಾಮಿನಲ್ಲಿ ಇಡುತ್ತಾರೆ. ನೀವು ಮೂವತ್ತು ಜನರಿಂದ ಕೊಂಡರೂ ಕೊನೆಗೆ ಒಂದೇ ಪೊಟ್ಟಣ. ತಿಂಗಳುಗಟ್ಟಲೆ ಅಲ್ಲೇ ಬಿಟ್ಟು, ಸಾಕಷ್ಟು ಸೇರಿದ ಮೇಲೆ ತರಿಸಿಕೊಳ್ಳಬಹುದು. ಕಾರ್ಡಿಗೆ ಕಾರ್ಡು ಹೋಲಿಸಿದರೆ ಸ್ವಲ್ಪ ದುಬಾರಿ. ಆದರೆ ನೀವು ನೋಡಿದ ಕಾರ್ಡೇ ನಿಮ್ಮ ಕೈಗೆ ಬರುತ್ತದೆ, ಅಂಥದ್ದೇ ಇನ್ನೊಂದಲ್ಲ. ಬದುಕಿಡೀ ಸ್ಲೈಡು ನೋಡಿದ ನನಗೆ ಈ ವ್ಯವಸ್ಥೆ ತುಂಬ ಹಿಡಿಸಿತು. ಅದರಲ್ಲೂ 2007ರ ಸೆಟ್ಟಿಗೆ ಇದು ಮುಖ್ಯ. ಕಪ್ಪು ಅಂಚಿನಲ್ಲಿ ಒಂದು ಎಳ್ಳಿನಷ್ಟು ಬಣ್ಣ ಹಾರಿದರೂ ಬಿಳಿ ಚುಕ್ಕೆ ಹೊಳೆಯುತ್ತದೆ.

ಅಂಚಿನ ವಿಷಯ ಬಂದದ್ದಕ್ಕೆ ಒಂದು ಮಾತು. ಗಡ್ಡೆ ತೆಗೆದ ಮೇಲೆ ಅಂಚು ಶುದ್ಧವಾಗಿದೆಯೇ ಎಂದು ನೋಡುವುದು ನನ್ನ ಕಸುಬು. ಕಾರ್ಡುಗಳಿಗೂ ಅಂಥ ಪರೀಕ್ಷಕರಿದ್ದಾರೆ. ಪಿಎಸ್‌ಎ ಮೊದಲಾದ ಕಂಪನಿಗಳು ಕಾರ್ಡು ನೋಡಿ ಒಂದರಿಂದ ಹತ್ತರ ತನಕ ಅಂಕ ಕೊಟ್ಟು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸೀಲ್ ಮಾಡುತ್ತವೆ. ಒಂದು ಅಂಕ ಹೆಚ್ಚಾದರೆ ಬೆಲೆ ಹತ್ತು ಪಟ್ಟು ಏರುವುದೂ ಉಂಟು. ನಾವು ರೋಗಿಯನ್ನು "ನೋವು ಹತ್ತರಲ್ಲಿ ಎಷ್ಟು?" ಅಂತ ಕೇಳುತ್ತೇವಲ್ಲ, ಅಷ್ಟೇ ನಂಬುತ್ತೇನೆ ನಾನು ಈ ಅಂಕವನ್ನು. 1991ರಲ್ಲಿ ಪಿಎಸ್‌ಎ ಮೊಟ್ಟಮೊದಲು ಅಂಕ ಕೊಟ್ಟ ಕಾರ್ಡು ಹೋನಸ್ ವ್ಯಾಗ್ನರ್ ಅವರ ಟಿ206. ಸಿಕ್ಕ ಅಂಕ ಎಂಟು. 2013ರಲ್ಲಿ ಹರಾಜು ವ್ಯಾಪಾರಿ ಬಿಲ್ ಮ್ಯಾಸ್ಟ್ರೋ, ಅದರ ಅಂಚನ್ನು ತಾನೇ ಕತ್ತರಿಸಿ ನೇರ ಮಾಡಿದ್ದೆ ಎಂದು ನ್ಯಾಯಾಲಯದಲ್ಲಿ ಒಪ್ಪಿಕೊಂಡ. ಅಂಚು ಶುದ್ಧವಾಗಿದೆ ಎಂದು ವರದಿ ಕೊಟ್ಟಾಗಿತ್ತು! ಪೆಥಾಲಜಿಸ್ಟ್‌ಗೆ ಇಂಥ ಕಥೆ ಓದಿದ ರಾತ್ರಿ ನಿದ್ದೆ ಬರುವುದಿಲ್ಲ.

ಒಂದು ಸಲ ನಾನೂ ಮೋಸ ಹೋದೆ. ತಾಣದ ಹೆಸರು ಬೇಡ. 'ಐನೂರು ಕಾರ್ಡು, ಎಲ್ಲ 2007' ಎಂದು ಒಬ್ಬ ಮಾರುತ್ತಿದ್ದ. ಚಿತ್ರದಲ್ಲಿ ಮೇಲೆ ಟೈಗರ್ಸ್ ತಂಡದವರೇ ಕಾಣುತ್ತಿದ್ದರು. ಡಬ್ಬ ತೆರೆದರೆ ಅದೇ ಮುಖಗಳು ಮತ್ತೆ ಮತ್ತೆ; ಒಬ್ಬ ಪಿಚ್ಚರ್ ಹನ್ನೊಂದು ಸಲ ನಕ್ಕ. ಅದಕ್ಕಿಂತ ಹೆಚ್ಚಾಗಿ ಸಿಗರೇಟಿನ ವಾಸನೆ. ಸೇದುವವರ ಚರಿತ್ರೆಯನ್ನು ನಾವು 'ಪ್ಯಾಕ್-ಇಯರ್' ಎಂದು ಅಳೆಯುತ್ತೇವೆ. ಈ ಕಾರ್ಡುಗಳದ್ದು ಇಪ್ಪತ್ತಕ್ಕೆ ಕಡಿಮೆಯಿರಲಿಲ್ಲ. ಹೆಂಡತಿ ಡೆಕ್ಕಿನ ಮೇಲೆ ಹಳೇ ಸೀರೆ ಹಾಸಿ, ಸಂಡಿಗೆ ಒಣಗಿಸಿದ ಹಾಗೆ ಐನೂರನ್ನೂ ಹರಡಿದಳು. ಅಳಿಲು ಓಡಿಸುವ ಕೆಲಸ ನನ್ನದು. ಆದರೂ ಆ ರಾಶಿಯಲ್ಲಿ, ಮತ್ತು ಆಮೇಲೆ ಎಚ್ಚರಿಕೆಯಿಂದ ಕೊಂಡ ಇನ್ನೆರಡು ರಾಶಿಗಳಲ್ಲಿ ಪಟ್ಟಿಯ 190 ಸಿಕ್ಕವು. ಲೆಕ್ಕಕ್ಕೆ ಅದೇ ಅತ್ಯಂತ ಅಗ್ಗ.

ಉಳಿದ ಜೋಡಿ-ತ್ರಿವಳಿಗಳನ್ನು ಏನು ಮಾಡುವುದು? ಆಗ ಟ್ರೇಡಿಂಗ್ ಕಾರ್ಡ್ ಡೇಟಾಬೇಸ್ ಎನ್ನುವ ತಾಣಕ್ಕೆ ಬಂದೆ. ಅಲ್ಲಿ ದುಡ್ಡಿಲ್ಲ, ವಿನಿಮಯ ಮಾತ್ರ. ನಿಮ್ಮ ಹತ್ತಿರ ಇರುವುದನ್ನೂ ಬೇಕಾದುದನ್ನೂ ದಾಖಲಿಸಿದರೆ ಯಾರೊಂದಿಗೆ ಹೊಂದುತ್ತದೆ ಎಂದು ತೋರಿಸುತ್ತದೆ, ಥೇಟ್ ಜಾತಕ ಕೂಡಿಸಿದ ಹಾಗೆ. ಒಹಾಯೋದ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ನನಗೆ ಜೊತೆಯಾದರು. ನಾನು ನನ್ನ ಹನ್ನೊಂದು ಪಿಚ್ಚರ್‌ಗಳ ಪೈಕಿ ಒಬ್ಬನನ್ನು ಕಳಿಸಿದರೆ ಅವರು ಪ್ರತಿ ಕಾರ್ಡನ್ನೂ ತೆಳು ಕವಚಕ್ಕೆ ಹಾಕಿ, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿಟ್ಟು, ಸುಲಭವಾಗಿ ಕೀಳಲು ಬರುವ ಹಾಗೆ ಟೇಪಿನ ತುದಿ ಮಡಚಿ ಕಳಿಸುತ್ತಿದ್ದರು. ಜೊತೆಗೊಂದು ಚೀಟಿ, ಅಲ್ಲಿ ಹಿಮ ಎಷ್ಟು ಬಿದ್ದಿದೆ ಎಂದು. ಇಪ್ಪತ್ತು ಕಾರ್ಡು ಅವರಿಂದ ಬಂದವು. ಸಮಯದ ಲೆಕ್ಕ ಹಿಡಿದರೆ ಇದರಷ್ಟು ದುಬಾರಿ ದಾರಿ ಬೇರೊಂದಿಲ್ಲ, ಆದರೆ ನಾನು ಮತ್ತೆ ಹೋಗುವುದು ಅಲ್ಲಿಗೇ.

ಹೋಗಬಾರದ ಜಾಗವನ್ನೂ ಹೇಳಿಬಿಡುತ್ತೇನೆ. ಫೋನಿನಲ್ಲಿ ನೇರಪ್ರಸಾರ ಮಾಡುತ್ತಾ ಪೊಟ್ಟಣ ಒಡೆಯುವ ವ್ಯಾಪಾರ ಈಗ ಜೋರಾಗಿದೆ. ನೀವು ಮೊದಲೇ ದುಡ್ಡು ಕೊಟ್ಟು ಒಂದು ತಂಡ ಹಿಡಿದಿರಬೇಕು. ಒಡೆಯುವವನ ಪೊಟ್ಟಣದಲ್ಲಿ ಆ ತಂಡದವರು ಬಂದರೆ ನಿಮ್ಮದು. ಒಂದು ರಾತ್ರಿ ಒಂದೂವರೆ ಗಂಟೆ ನೋಡಿದೆ. ಅಂದರ್-ಬಾಹರ್ ಆಡುವವರನ್ನು ನಮ್ಮೂರ ಜಾತ್ರೆಯಲ್ಲಿ ಪೊಲೀಸರು ಓಡಿಸುತ್ತಿದ್ದರು. ಇಲ್ಲಿ ಅವರಿಗೆ ಕ್ಯಾಮೆರಾ ಕೊಟ್ಟಿದ್ದಾರೆ.

ಹೆಚ್ಚು ಕಷ್ಟ ಕೊಟ್ಟದ್ದು ಗ್ರ್ಯಾಂಡರ್‌ಸನ್. ಚೆನ್ನಾಗಿರುವ ಗ್ರ್ಯಾಂಡರ್‌ಸನ್ ಎಲ್ಲ ಕಡೆ ಇದ್ದ. ಮೂಲೆ ಮಡಚಿದವನು ಎಲ್ಲೂ ಇಲ್ಲ. ಎಲ್ಲರೂ ಒಳ್ಳೆಯದನ್ನು ಹುಡುಕುವ ಪೇಟೆಯಲ್ಲಿ ಮುಕ್ಕಾದದ್ದನ್ನು ಮಾರಲು ಯಾರೂ ಇಡುವುದಿಲ್ಲ. ನಾನೇ ಒಂದನ್ನು ಮಡಚಿದರೆ? ಒಂದು ರಾತ್ರಿ ಹೆಬ್ಬೆರಳು ಇಟ್ಟೂ ನೋಡಿದೆ, ಮನಸ್ಸು ಬರಲಿಲ್ಲ. ಕೊನೆಗೆ ಸಿಒಎಂಸಿಯಲ್ಲಿ 'ಸ್ಥಿತಿ: ಕಳಪೆ' ಎಂದು ಯಾರೋ ಇಟ್ಟಿದ್ದ ಒಂದು ಕಾರ್ಡು, ಸ್ಕ್ಯಾನಿನಲ್ಲಿ ಬಲಗಡೆ ಮೇಲಿನ ಮೂಲೆ ಸ್ಪಷ್ಟವಾಗಿ ಮಡಚಿತ್ತು. ಕಾಲು ಡಾಲರೂ ಇಲ್ಲ. ರಾತ್ರಿ ಹನ್ನೆರಡಕ್ಕೆ ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. ಅವಳು ಹೇಳಿದ್ದನ್ನು ಸಂಪಾದಕರು ಅಚ್ಚುಹಾಕಲಾರರು.

ಜೀಟರ್ ಕಾರ್ಡನ್ನು ಕೊಳ್ಳಲಿಲ್ಲ. ಆ ಸೆಟ್ಟಿನ ಅತಿ ಪ್ರಸಿದ್ಧ ಕಾರ್ಡು ಅದೇ: ಟಾಪ್ಸ್ ಕಂಪನಿಯೊಳಗಿನ ಯಾರೋ ತಮಾಷೆಗೆಂದು ಹಿನ್ನೆಲೆಯಲ್ಲಿ ಮಿಕ್ಕಿ ಮ್ಯಾಂಟಲ್ ಅವರನ್ನೂ ಪ್ರೇಕ್ಷಕರ ಮಧ್ಯೆ ಅಧ್ಯಕ್ಷ ಬುಷ್ ಅವರನ್ನೂ ಸೇರಿಸಿದ್ದರು. ಆದರೆ ಪಟ್ಟಿಯಲ್ಲಿ 'ಕೊಟ್ಟೆ' ಎಂದಿದೆ. ಕೊಟ್ಟದ್ದು ಕೊಟ್ಟದ್ದೇ.

ಈ ವರ್ಷ ಜುಲೈನಲ್ಲಿ ಮಗ ಬಂದ. ಆಗ 406 ಆಗಿದ್ದವು, ಆರು ಬಾಕಿ. ಅದೇ ತರಹದ ನೀಲಿ ಡಬ್ಬ, ಬಿಸ್ಕತ್ತು ನಾವಿಬ್ಬರೂ ತಿಂದು ಮುಗಿಸಿದ್ದು, ಮೇಲೆ ಅವನ ನೋಟ್‌ಬುಕ್ಕು. ಈ ಸಲ ಬಣ್ಣದ ಕಾಗದ ಸುತ್ತಲಿಲ್ಲ. ಊಟದ ಮೇಜಿನ ಮೇಲಿಟ್ಟು, ಅವನು ಮುಚ್ಚಳ ತೆಗೆಯುವ ಮೊದಲೇ ಹೇಳಿಬಿಟ್ಟೆ. "ಅವತ್ತು ನಾನು ತೆಗೆದು ನೋಡಿದ್ದೆ ಕಣೋ. ಒಳಗೆ ಏನಿದೆ ಅಂತ ಗೊತ್ತಿದ್ದೇ ಎಸೆದದ್ದು."

"ಗೊತ್ತು ಅಪ್ಪ" ಅಂದ. "ಟೇಪು ಬೇಸ್‌ಮೆಂಟ್ ನೆಲದ ಮೇಲೇ ಬಿದ್ದಿತ್ತು."

ಹದಿಮೂರು ವರ್ಷ! ಹೆಂಡತಿ ಒಳಗೆ ಕುಕ್ಕರ್ ಆರಿಸಿದ್ದು ಕೇಳಿಸಿತು. ಅವನು ಮುಚ್ಚಳ ತೆಗೆದು, ಎರಡು ಸಾಲನ್ನೂ ಹೆಬ್ಬೆರಳಿನಿಂದ ಸರ್ರನೆ ಒಮ್ಮೆ ಆಡಿಸಿದ. ವರ್ಲ್ಯಾಂಡರ್ ಕಾರ್ಡನ್ನು ಸ್ವಲ್ಪ ಹೊತ್ತು ನೋಡಿ ವಾಪಸಿಟ್ಟ. ಆಮೇಲೆ ಗ್ರ್ಯಾಂಡರ್‌ಸನ್ ಸಿಕ್ಕಿದ. ಬೆಳಕಿಗೆ ಹಿಡಿದ, ತಿರುಗಿಸಿದ, ನಗಲು ಶುರುಮಾಡಿದ.

"ಅಪ್ಪ, ಮಡಚಿದ್ದು ಈ ಮೂಲೆ ಅಲ್ಲ. ಎಡಗಡೆಯದು."

ಎದ್ದು ಹೋಗಿ ಪೆನ್ನು ತಂದು, ನೋಟ್‌ಬುಕ್ಕಿನಲ್ಲಿ ಗ್ರ್ಯಾಂಡರ್‌ಸನ್ ಸಾಲಿನ ಕೆಳಗೆ ಹೊಸದೊಂದು ಸಾಲು ಬರೆಯತೊಡಗಿದ. ಕಾರ್ಡಿನ ನಂಬರು, ಹೆಸರು, ಬಲ ಮೂಲೆ. 'ಎಲ್ಲಿಂದ ಬಂತು' ಎನ್ನುವ ಜಾಗಕ್ಕೆ ಬಂದಾಗ ತಲೆ ಎತ್ತಿ, "ಯಾವ ಸೈಟು?" ಅಂತ ಕೇಳಿದ.